ಊಟ ಮಾಡ್ತಾರೆ

"ಯಾವ ಭಾವ?" ಎಂದಳು ಫೋನಿನ ಆ ತುದಿಯಲ್ಲಿದ್ದ ರೋಗಿಯ ಅಕ್ಕ. "ನಮ್ಮ ಯಜಮಾನರು ಹೋಗಿ ಎಷ್ಟೋ ವರ್ಷ ಆಯ್ತಲ್ಲ ಸಿಸ್ಟರ್. ಯಾರು ಮಾಡಿದ್ರು ಫೋನು?"

ನರ್ಸ್ ಬರೀ ಸೌಜನ್ಯಕ್ಕೆಂದು ಆಡಿದ ಮಾತು ಅದು. ನಿನ್ನೆ ಅವರ ಭಾವನೂ ಫೋನ್ ಮಾಡಿದ್ದರು, ಪಾಪ, ಬಹಳ ಯೋಚನೆಯಲ್ಲಿದ್ದರು, ಅಂದಿದ್ದಳು. ಆ ಮಾತು ಈಗ ತಿರುಗಿ ಬಂದು ಅವಳದೇ ಕೊರಳಪಟ್ಟಿ ಹಿಡಿದಿತ್ತು.

"ಸಿಸ್ಟರ್? ಲೈನಲ್ಲಿದ್ದೀರಾ?"

"ಇದ್ದೀನಿ."

"ಗಂಡಸಾ? ಮೆತ್ತಗೆ ಮಾತಾಡಿದ್ರಾ? ಮಗೂನ ಮಲಗಿಸೋ ಹಾಗೆ?"

"ಹೂಂ."

"ಅವನೇ," ಎಂದಳು ಅಕ್ಕ. "ಅವಳ ಗಂಡ. ನೀವು ಏನು ಹೇಳಿಬಿಟ್ರಿ?"

ಹೇಳಿದ್ದು ಹೆಚ್ಚೇನಲ್ಲ. ಅದೇ ಭಯಂಕರವಾಗಿದ್ದದ್ದು.

ಮಾನಸಿಕ ಆಸ್ಪತ್ರೆಯ ಆ ಹೆಂಗಸರ ವಾರ್ಡಿಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನವೇ ಒಂದು ಪಾಠ ಆಗುತ್ತದೆ. ಹೊರಗಿನಿಂದ ಯಾರೇ ಫೋನ್ ಮಾಡಿ ಇಂಥವರು ಅಲ್ಲಿದ್ದಾರಾ ಎಂದು ಕೇಳಿದರೆ ಇದ್ದಾರೆ ಅನ್ನಬಾರದು, ಇಲ್ಲ ಅಂತಲೂ ಅನ್ನಬಾರದು. ಇಲ್ಲದವರನ್ನೆಲ್ಲ ಇಲ್ಲ ಇಲ್ಲ ಎನ್ನುತ್ತಾ ಹೋದರೆ, ಇರುವವರ ಹೆಸರು ಬಂದಾಗ ಸುಮ್ಮನಾದ ಕೂಡಲೇ ಗುಟ್ಟು ರಟ್ಟು. ಅದಕ್ಕೇ ಎಲ್ಲರಿಗೂ ಒಂದೇ ಉತ್ತರ: ಇಲ್ಲಿ ಯಾರಿದ್ದಾರೆ ಯಾರಿಲ್ಲ ಅನ್ನೋದನ್ನ ನಾವು ಹೇಳೋ ಹಾಗಿಲ್ಲ. ದೇವರು ಫೋನ್ ಮಾಡಿದರೂ ಅಷ್ಟೇ, ಎನ್ನುತ್ತಿದ್ದಳು ವಾರ್ಡಿನ ಉಸ್ತುವಾರಿಯ ದೊಡ್ಡ ಸಿಸ್ಟರ್. ಅವನಿಗೆ ಹೇಗೂ ಗೊತ್ತಿರುತ್ತೆ, ಸುಮ್ಮನೆ ಪರೀಕ್ಷೆ ಮಾಡ್ತಿರ್ತಾನೆ.

ರೋಗಿ ಯಾರಿಗೆ ಹೇಳಬಹುದು ಎನ್ನುತ್ತಾಳೋ ಅವರಿಗೆ ಮಾತ್ರ ಹೇಳಬಹುದು. ವಾರ್ಡಿನಲ್ಲಿ ಎಲ್ಲರೂ ಟೈಲರಮ್ಮ ಎಂದು ಕರೆಯುವ ಆ ಹೆಂಗಸು ಒಬ್ಬರ ಹೆಸರನ್ನಷ್ಟೇ ಕೊಟ್ಟಿದ್ದಳು, ಅಕ್ಕನದು.

ನಿನ್ನೆ ಮಧ್ಯಾಹ್ನ ತಟ್ಟೆಗಳು ಬರುವ ಹೊತ್ತಿಗೆ ಫೋನು ಬಂದಿತ್ತು. ಟೈಲರಮ್ಮನ ಹೆಸರು ಹೇಳಿ, ಅವಳ ಭಾವ ಮಾತಾಡ್ತಿರೋದಮ್ಮ, ಎಂದಿತು ಧ್ವನಿ. ನಮ್ಮವಳು, ಅವಳ ಅಕ್ಕ, ಪಕ್ಕದಲ್ಲೇ ಕೂತು ಅಳ್ತಿದ್ದಾಳೆ. ಮಾತಾಡು ಅಂದ್ರೆ ಆಗ್ತಿಲ್ಲ ಅವಳಿಗೆ. ನರ್ಸ್ ತನ್ನ ಪಾಠ ಒಪ್ಪಿಸಿದಳು. ಧ್ವನಿ ಒಪ್ಪಿಕೊಂಡಿತು. ನಿಮ್ಮ ಕಷ್ಟ ಗೊತ್ತಮ್ಮ, ನಿಯಮ ಅಂದ್ರೆ ನಿಯಮ. ಅವಳು ಇದ್ದಾಳಾ ಇಲ್ವಾ ನಾನು ಕೇಳ್ತಾನೇ ಇಲ್ಲ. ಎರಡು ತುತ್ತು ಊಟ ಮಾಡ್ತಿದ್ದಾಳಾ, ಅಷ್ಟು ಹೇಳಿಬಿಡಿ, ಇವಳು ಅಳು ನಿಲ್ಲಿಸ್ತಾಳೆ.

ಹಿನ್ನೆಲೆಯಲ್ಲಿ ಯಾರೂ ಅಳುತ್ತಿರಲಿಲ್ಲ. ಅದು ಈಗ ನೆನಪಾಗುತ್ತಿದೆ.

ಇಡೀ ದಿನ ಹೆದರಿದವರಿಗೆ ಧೈರ್ಯ ಹೇಳಿ ಹೇಳಿ ನಾಲಿಗೆಗೆ ಒಂದು ಜಾಡು ಬಿದ್ದಿರುತ್ತದೆ. ಯಾರಾದರೂ ಸಣ್ಣ ದನಿಯಲ್ಲಿ ಕೇಳಿದರೆ ಸಾಕು, ನಾಲಿಗೆ ಆ ಜಾಡಿನಲ್ಲಿ ತಾನಾಗಿಯೇ ಉರುಳುತ್ತದೆ. "ಮಾಡ್ತಾರೆ, ಯೋಚನೆ ಮಾಡಬೇಡಿ," ಎಂದಿದ್ದಳು ಅವಳು.

ಅವನು ಊರಿನ ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿರಬೇಕು. ಎಲ್ಲರೂ ಪಾಠ ಒಪ್ಪಿಸಿ ಫೋನ್ ಇಟ್ಟಿರಬೇಕು. 'ಮಾಡ್ತಾರೆ' ಎಂದವಳು ಇವಳೊಬ್ಬಳೇ.

*

ದೊಡ್ಡ ಸಿಸ್ಟರ್ ಲಿನನ್ ಕೋಣೆಯಲ್ಲಿ ದಿಂಬಿನ ಚೀಲಗಳನ್ನು ಮಡಚುತ್ತಿದ್ದಳು. ನರ್ಸ್ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಹೇಳಿದಳು. ಕೊನೆಯಲ್ಲಿ ಕಣ್ಣು ತುಂಬಿತು.

"ಅಳೋದಾದ್ರೆ ಮನೆಗೆ ಹೋಗಿ ಅಳು," ಎಂದಳು ದೊಡ್ಡ ಸಿಸ್ಟರ್. "ಇಲ್ಲಿ ಅಳೋಕೆ ಬೇರೆಯವರಿದ್ದಾರೆ, ಅವರ ಜಾಗ ಯಾಕೆ ತಗೋತೀಯ." ಒಂದು ದಿಂಬಿನ ಚೀಲ ಮಡಚಿ ಮುಗಿಸಿದಳು. "ಭಾವ ಅಂತ ಹೇಳಿದ ಅಂತಿಟ್ಕೋ. ಭಾವನ ಹೆಸರು ಅವರು ಕೊಟ್ಟಿದ್ರಾ?"

"ಇಲ್ಲ."

"ನಿಜವಾದ ಭಾವನೇ ಆಗಿದ್ರೂ ತಪ್ಪೇ, ಅಲ್ವಾ?"

"ತಪ್ಪೇ."

"ಸರಿ. ಮೇಲಿನವರಿಗೆ ನಾನು ತಿಳಿಸ್ತೀನಿ, ನೀನು ಆಡಿದ್ದನ್ನ ಆಡಿದ ಹಾಗೇ ಬರೆದು ಕೊಡು. ಕೆಲಸ ಹೋಗುತ್ತೋ ಇರುತ್ತೋ ನನ್ನ ಕೈಯಲ್ಲಿಲ್ಲ. ವಾಚ್‌ಮನ್‌ಗೂ ಹೇಳ್ತೀನಿ. ಈಗ ಹೋಗಿ ಅವರಿಗೆ ಹೇಳು."

"ಯಾರಿಗೆ?"

"ಇನ್ಯಾರಿಗೆ? ಟೈಲರಮ್ಮನಿಗೆ."

"ಸಿಸ್ಟರ್, ಅವರು ಈಗ ತಾನೇ ನಿದ್ದೆ ಮಾಡೋಕೆ ಶುರು ಮಾಡಿದ್ದಾರೆ. ಹೇಳಿದ್ರೆ ಹೆದರ್ತಾರೆ. ಓಡಿ ಹೋದ್ರೆ? ಅವನು ಗೇಟಲ್ಲೇ ಇದ್ರೆ? ಒಂದೆರಡು ದಿನ ಹೇಳದೇ ಇರೋಣ. ಅವರ ಒಳ್ಳೇದಕ್ಕೇ ಅಲ್ವಾ—"

ಅವಳೇ ಅರ್ಧಕ್ಕೆ ನಿಲ್ಲಿಸಿದಳು. ದೊಡ್ಡ ಸಿಸ್ಟರ್ ಮಡಚುವುದನ್ನು ನಿಲ್ಲಿಸಿದಳು.

ಟೈಲರಮ್ಮ ಬಂದ ದಿನ ಹೇಳಿಕೊಂಡ ಕಥೆ ಇಬ್ಬರಿಗೂ ಗೊತ್ತಿತ್ತು. ಗಂಡ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಮಾತು. ಅವಳಿಗೆ ನಿದ್ದೆ ಹೋದಾಗ, ಸಾಯಬೇಕು ಅನ್ನಿಸತೊಡಗಿದಾಗ, ಅವಳಿಗೆ ಹೇಳದೆ ಚಹಾದಲ್ಲಿ ಮಾತ್ರೆ ಬೆರೆಸತೊಡಗಿದ. ಹೊಲಿಗೆ ಅಂಗಡಿಯ ಬೀಗದ ಕೈ ತಾನಿಟ್ಟುಕೊಂಡ. ಕೋಣೆಯ ಚಿಲಕ ಹೊರಗಡೆಗೆ ಬದಲಾಯಿಸಿದ. ಎಲ್ಲ ನಿನ್ನ ಒಳ್ಳೇದಕ್ಕೇ. ಕಾಯಿಲೆ ನಿಜ. ಆ ಹೆದರಿಕೆಯೂ ಕಾಯಿಲೆಯದ್ದೇ ಇರಬಹುದೇ ಎಂದು ಮೊದಮೊದಲು ಡಾಕ್ಟರಿಗೂ ಅನುಮಾನವಿತ್ತು. ಆಮೇಲೆ ಅಕ್ಕ ಬಂದು ಆ ಚಿಲಕವನ್ನು ಕಣ್ಣಾರೆ ಕಂಡದ್ದನ್ನು ಹೇಳಿದಳು. ಒಂದು ಬೆಳಿಗ್ಗೆ ಚಿಲಕ ಹಾಕಲು ಅವನು ಮರೆತಾಗ ಟೈಲರಮ್ಮ ಚಪ್ಪಲಿಯನ್ನೂ ಮೆಟ್ಟದೆ ಬಸ್ ಹತ್ತಿ ಬಂದು, ತಾನೇ ಸಹಿ ಹಾಕಿ ಇಲ್ಲಿ ಸೇರಿದ್ದಳು. ಈಗಲೂ ಅವಳ ಮಾತ್ರೆಯನ್ನು ಅವಳೆದುರಿಗೇ ಪಟ್ಟಿಯಿಂದ ಬಿಡಿಸಿ, ಇದು ಇಂಥದ್ದು, ಇದಕ್ಕಾಗಿ, ಎಂದು ಹೇಳಿದರೆ ಮಾತ್ರ ನುಂಗುತ್ತಾಳೆ. ಚಹಾ ಮುಟ್ಟುವುದಿಲ್ಲ.

"ನಾನೂ ಜೊತೆಗೆ ಬರ್ಲಾ?" ಎಂದಳು ದೊಡ್ಡ ಸಿಸ್ಟರ್, ಸ್ವಲ್ಪ ಮೆತ್ತಗೆ.

"ಬೇಡ."

*

ಟೈಲರಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ಕೂತಿದ್ದಳು. ಆ ವಾರ್ಡಿನ ಪರದೆಗಳಿಗೆ ಗಟ್ಟಿಯಾದ ಕೊಕ್ಕೆಗಳಿಲ್ಲ. ಯಾರಾದರೂ ಜೋತುಬಿದ್ದರೆ ಪರದೆಯೇ ಕಳಚಿ ಬೀಳುವ ಹಾಗೆ ಸಿಕ್ಕಿಸಿರುತ್ತಾರೆ. ಒಂದು ಕಡೆ ಕಳಚಿಕೊಂಡದ್ದನ್ನು ಅವಳು ಹಸ್ತದಿಂದ ಅಳೆಯುತ್ತಿದ್ದಳು, ಅಭ್ಯಾಸಬಲದಿಂದ. ಪಕ್ಕದ ಮಂಚದಲ್ಲಿ ಟೀಚರಜ್ಜಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ. ಟೀಚರಜ್ಜಿಗೆ ನಿದ್ದೆ ಬಂದರೆ ಇಡೀ ವಾರ್ಡಿಗೆ ಗೊತ್ತಾಗುತ್ತದೆ.

"ಅಕ್ಕಾ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕು. ಬೇರೆ ಕೋಣೆಗೆ ಹೋಗೋಣ್ವಾ?"

"ಇಲ್ಲೇ ಹೇಳಿ ಸಿಸ್ಟರ್. ಬಾಗಿಲು ಹಾಕೋ ಕೋಣೆ ನಂಗೆ ಆಗಲ್ಲ."

ನರ್ಸ್ ಕುರ್ಚಿ ಎಳೆದುಕೊಂಡಳು. ಎದುರಿಗೆ ಕೂರಬಾರದು, ಓರೆಯಾಗಿ ಕೂರಬೇಕು. ಬಾಗಿಲಿಗೂ ರೋಗಿಗೂ ಮಧ್ಯೆ ಕೂರಬಾರದು. ಅದೂ ಒಂದು ಪಾಠ. ಪಾಠಗಳೆಲ್ಲ ಸರಿಯಾಗಿ ನೆನಪಿದ್ದವು, ನಿನ್ನೆ ಬೇಕಾದದ್ದೊಂದನ್ನು ಬಿಟ್ಟು.

"ನಿನ್ನೆ ಒಂದು ಫೋನ್ ಬಂತು. ನಿಮ್ಮ ಭಾವ ಅಂತ ಹೇಳಿದ್ರು. ನಾನು ನಂಬಿದೆ. ನೀವು ಊಟ ಮಾಡ್ತೀರಿ ಅಂತ ಹೇಳಿಬಿಟ್ಟೆ. ಅದು ನಿಮ್ಮ ಯಜಮಾನರು ಅಂತ ಈಗ ಗೊತ್ತಾಯ್ತು. ತಪ್ಪು ನನ್ನದು. ನೀವು ಇಲ್ಲಿರೋದು ಅವರಿಗೆ ಗೊತ್ತಾಗಿದೆ."

ಟೈಲರಮ್ಮನ ಹಸ್ತ ಪರದೆಯ ಮೇಲೆ ಹಾಗೇ ನಿಂತಿತು. ಬೆರಳ ತುದಿಗಳು ಬೆಳ್ಳಗಾದವು.

"ಅವರು ಏನಂದ್ರು? ಆಡಿದ ಮಾತಲ್ಲೇ ಹೇಳು."

ನೀವು ಹೋಗಿ ನೀನು ಬಂದಿತ್ತು. ನರ್ಸ್ ಹೇಳಿದಳು, ಎರಡು ತುತ್ತನ್ನೂ, ಇಲ್ಲದ ಅಳುವನ್ನೂ.

"'ನಿಮ್ಮ ಕಷ್ಟ ಗೊತ್ತಮ್ಮ' ಅಂದ್ರಾ?"

"ಅಂದ್ರು."

"ಅವರೇ." ಅವಳು ಎದ್ದು ಮಂಚದ ಕೆಳಗಿನ ಚೀಲ ಎಳೆದಳು. ಸೀರೆ, ಬಾಚಣಿಗೆ, ಟವೆಲ್ಲು ಒಂದರ ಮೇಲೊಂದು ಒಳಗೆ ಬಿದ್ದವು. "ನಾನು ಹೋಗ್ತೀನಿ. ಹಿಂದಿನ ಬಾಗಿಲು ತೆಗೆಸು."

"ಎಲ್ಲಿಗೆ ಅಕ್ಕಾ?"

"ಗೊತ್ತಿಲ್ಲ. ಅಕ್ಕನ ಮನೆಗೆ ಹೋಗೋ ಹಾಗಿಲ್ಲ, ಮೊದಲು ಅಲ್ಲಿಗೇ ಬರ್ತಾರೆ." ಕೈ ನಿಂತಿತು. ನೇರ ನೋಡಿದಳು. "ನಾನೇ ಸಹಿ ಹಾಕಿ ಬಂದಿದ್ದು. ನಾನೇ ಹೋಗಬಹುದು ಅಂತ ಬಂದ ದಿನ ನೀನೇ ಹೇಳಿದ್ದೆ. ಈಗ ತಡೀತೀಯಾ?"

ಇಲ್ಲ ಅನ್ನುವುದು ಸುಲಭವಿತ್ತು. ಹೌದು ಅನ್ನುವುದೂ ಸುಲಭವಿತ್ತು.

"ನಾನು ತಡೆಯೋ ಹಾಗಿಲ್ಲ," ಎಂದಳು ನರ್ಸ್. "ನೀವು ಹೋಗ್ತೀನಿ ಅಂದ್ರೆ ಡಾಕ್ಟರನ್ನ ಕರೀಬೇಕು, ಅದು ನನ್ನ ಕೆಲಸ. ನಿಮ್ಮ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಅವರು ಸ್ವಲ್ಪ ದಿನ ನಿಲ್ಲಿಸಿಕೊಳ್ಳಬಹುದು. ಅನ್ನಿಸದಿದ್ರೆ ಬಿಡ್ತಾರೆ. ಇದನ್ನ ಮುಚ್ಚಿಟ್ಟು ಮಾತಾಡಲ್ಲ ನಾನು. ಡಾಕ್ಟರು ಬರೋವರೆಗೆ ಇರಿ ಅಂತ ಕೇಳ್ಕೋಬಹುದು. ಕೇಳ್ಕೋತಿದ್ದೀನಿ."

"ನಮ್ಮನೆಯವರು ಒಳಗೆ ಬಂದ್ರೆ?"

"ನೀವು ನೋಡಲ್ಲ ಅಂದ್ರೆ ಬಾಗಿಲು ತೆಗೆಯಲ್ಲ. ಗಂಡ ಅಂದ ಮಾತ್ರಕ್ಕೆ ನಿಮ್ಮನ್ನ ಬಿಡಿಸಿಕೊಂಡು ಹೋಗೋ ಹಕ್ಕು ಅವರಿಗಿಲ್ಲ."

"ನಿನ್ನೆ ನೀನು ತೆಗೆದೆಯಲ್ಲ," ಎಂದಳು ಟೈಲರಮ್ಮ.

ಟೈಲರಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ ಸ್ಟ್ಯಾಂಡಿನಲ್ಲಿ ಕೂತವರ ಹಾಗೆ, ಮಂಚದ ಅಂಚಿನಲ್ಲಿ ಕೂತಳು.

"ಡಾಕ್ಟರು ಬರ್ಲಿ," ಎಂದಳು.

*

ಡಾಕ್ಟರಿಗಿಂತ ಮೊದಲು ಬಂದದ್ದು ಅವನು.

ಭೇಟಿಯ ಹೊತ್ತು ಶುರುವಾಗಿತ್ತಷ್ಟೆ. ಬಜರ್ ಒಮ್ಮೆ ಸಣ್ಣಗೆ ಸದ್ದು ಮಾಡಿತು. ಅವಸರದ ಜನ ಅದನ್ನು ಒತ್ತಿ ಹಿಡಿಯುತ್ತಾರೆ. ಇದು ಮುಟ್ಟಿ ಬಿಟ್ಟ ಹಾಗಿತ್ತು. ವಾರ್ಡಿನ ಬಾಗಿಲಲ್ಲಿ ಮುಖದಷ್ಟಗಲದ ಗಾಜು, ಗಾಜಿನೊಳಗೆ ತಂತಿಯ ಬಲೆ. ಅದರಾಚೆಗೆ ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಕೈಯಲ್ಲಿ ಸೇಬಿನ ಚೀಲ. ನರ್ಸ್ ಗಾಜಿನ ಕೆಳಗಿನ ಸಣ್ಣ ಕಿಂಡಿ ಸರಿಸಿದಳು.

"ನಮಸ್ಕಾರ ಸಿಸ್ಟರ್." ಅವನು ಹೆಂಡತಿಯ ಹೆಸರು ಹೇಳಿದ. "ಎರಡು ನಿಮಿಷ ಮುಖ ನೋಡಿ ಹೋಗ್ತೀನಿ."

"ಇಲ್ಲಿ ಯಾರಿದ್ದಾರೆ ಯಾರಿಲ್ಲ ಅನ್ನೋದನ್ನ ನಾವು ಹೇಳೋ ಹಾಗಿಲ್ಲ."

ಅವನು ತಲೆ ಒಂಚೂರು ಓರೆ ಮಾಡಿದ. ಹಾಡು ಕೇಳಿಸಿಕೊಳ್ಳುವವರು ಹಾಗೆ ಮಾಡುತ್ತಾರೆ. ಆಮೇಲೆ ನಕ್ಕ. ನಗು ಚೆನ್ನಾಗಿತ್ತು. ಬೇರೆ ಎಲ್ಲಾದರೂ ಆಗಿದ್ದರೆ ಇವಳೂ ನಗುತ್ತಿದ್ದಳು.

"ನಿನ್ನೆ ಮಾತಾಡಿದ್ದು ನೀವೇ ಅಲ್ವಾ? ಧ್ವನಿ ಗುರುತು ಸಿಕ್ತು."

ಅವಳು ಕಿಂಡಿಯ ಅಂಚು ಹಿಡಿದುಕೊಂಡಳು.

"ಪಾಪ, ಒಳ್ಳೇ ಮನಸ್ಸಿಂದ ಹೇಳಿದ್ರಿ," ಎಂದ ಅವನು, ಕಿಂಡಿಗೆ ಬಾಯಿ ತಂದು. "ಆದ್ರೆ ಹಾಗೆ ಹೇಳಬಾರದಂತಲ್ಲ? ಕಾನೂನು ಇದೆಯಂತೆ. ಮೇಲಿನವರಿಗೆ ಗೊತ್ತಾದ್ರೆ ನಿಮ್ಮ ಕೆಲಸಕ್ಕೇ ಕುತ್ತು. ನಾನ್ಯಾಕೆ ಹೇಳ್ಲಿ? ನನಗೂ ನಿಮ್ಮ ವಯಸ್ಸಿನ ತಂಗಿ ಇದ್ದಾಳೆ. ಎರಡು ನಿಮಿಷ ಅಷ್ಟೆ. ನೀವೂ ಮರೆತುಬಿಡಿ, ನಾನೂ ಮರೀತೀನಿ."

ಅವನ ಉಸಿರಿಗೆ ಏಲಕ್ಕಿಯ ವಾಸನೆ ಇತ್ತು. ಒಂದು ಕ್ಷಣ, ಒಂದೇ ಕ್ಷಣ, ಆ ಮಾತಿನಲ್ಲಿದ್ದ ನೆರಳು ಅವಳಿಗೆ ತಂಪೆನಿಸಿತು. ಮರೆತುಬಿಡುವುದು. ಯಾರಿಗೂ ಗೊತ್ತಾಗದೆ ಇರುವುದು. ಆಮೇಲೆ ನೆನಪಾಯಿತು. ಗೊತ್ತಾಗಬೇಕಾದವರಿಗೆಲ್ಲ ಆಗಲೇ ಗೊತ್ತಾಗಿದೆ.

"ನಾನೇ ಹೇಳಿಯಾಗಿದೆ," ಎಂದಳು. "ನೀವೂ ದೂರು ಕೊಡಬಹುದು. ಕೆಳಗೆ ಆಫೀಸಿದೆ."

ನಗು ಹೋಗಲಿಲ್ಲ. ಕಣ್ಣುಗಳು ಮಾತ್ರ ಅದರ ಹಿಂದಿನಿಂದ ಎದ್ದು ಹೋದ ಹಾಗಾಯಿತು. ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತು, ಸೇಬಿನ ಚೀಲವನ್ನು ಪಕ್ಕದಲ್ಲಿಟ್ಟು, ಬಾಗಿಲನ್ನೇ ನೋಡತೊಡಗಿದ. ಬಾಗಿಲಿಗಿಂತ ಅವನೇ ಹೆಚ್ಚು ಹೊತ್ತು ಇರುತ್ತಾನೆ ಅನ್ನಿಸುವ ಹಾಗೆ.

*

"ಹೋದ್ರಾ?" ಎಂದು ಕೇಳಿದಳು ಟೈಲರಮ್ಮ.

ಹೋದ್ರು ಎಂದುಬಿಡಬಹುದಿತ್ತು. ನಾಲಿಗೆ ಆ ಜಾಡಿಗೆ ಇಳಿಯಲು ಆಗಲೇ ಹೊರಟಿತ್ತು.

"ಇಲ್ಲ. ಹೊರಗೆ ಬೆಂಚಲ್ಲಿ ಕೂತಿದ್ದಾರೆ. ಭೇಟಿಯ ಹೊತ್ತು ಮುಗಿಯೋವರೆಗೆ ಎಬ್ಬಿಸೋಕೆ ಆಗಲ್ಲ ಅಂತಾನೆ ವಾಚ್‌ಮನ್."

ಟೈಲರಮ್ಮ ಚೀಲದ ಹಿಡಿಯನ್ನು ಹಿಂಡಿದಳು, ಬಿಟ್ಟಳು, ಹಿಂಡಿದಳು.

"ಹಾಗೇ ಕೂತಿರ್ತಾರೆ," ಎಂದಳು. "ನಾಳೆನೂ ಬರ್ತಾರೆ. ಆಸ್ಪತ್ರೆಯವರು ನನ್ನ ಹೆಂಡ್ತೀನ ಬಚ್ಚಿಟ್ಟಿದ್ದಾರೆ ಅಂತ ಕಂಡೋರಿಗೆಲ್ಲ ಹೇಳ್ತಾರೆ. ಜನ ನಂಬ್ತಾರೆ. ಬಚ್ಚಿಟ್ಟಿಲ್ಲ ಅಂತ ಹೇಳು. ನಾನೇ ಇದ್ದೀನಿ ಅಂತ ಹೇಳು. ನಾನು ಬರಲ್ಲ ಅಂದೆ ಅಂತ ಹೇಳು."

ನರ್ಸ್ ದೊಡ್ಡ ಸಿಸ್ಟರ್‌ನತ್ತ ನೋಡಿದಳು. ಅವಳು ಬಂದು ಬಾಗಿಲ ಬಳಿ ನಿಂತಿದ್ದಳು.

"ಗುಟ್ಟು ಅವರದು," ಎಂದಳು ದೊಡ್ಡ ಸಿಸ್ಟರ್. "ಬಿಚ್ಚೋದೂ ಕಟ್ಟೋದೂ ಅವರಿಷ್ಟ. ಯೋಚನೆ ಮಾಡಿ ಹೇಳ್ತಿದ್ದೀರಾ ಅಮ್ಮ? ಹೇಳಿದ ಮೇಲೆ ವಾಪಸ್ ತಗೊಳೋಕಾಗಲ್ಲ."

"ವಾಪಸ್ ತಗೊಳೋಕೆ ಏನು ಉಳಿದಿದೆ. ಆದ್ರೆ ನಾನು ಬಾಗಿಲಿಗೆ ಬರಲ್ಲ. ಅವರ ಮುಖ ನೋಡಿದ್ರೆ ನನ್ನ ಕಾಲು ತಾನಾಗಿ ಅವರ ಹಿಂದೆ ಹೋಗುತ್ತೆ." ನರ್ಸಿನ ಕಡೆ ತಿರುಗಿದಳು. "ನೀನು ಹೇಳು. ಹೇಗೆ ಹೇಳ್ತೀಯ, ಹೇಳಿ ತೋರಿಸು."

ನರ್ಸ್ ಗಂಟಲು ಸರಿಮಾಡಿಕೊಂಡಳು. "ದಯವಿಟ್ಟು ತಪ್ಪು ತಿಳ್ಕೋಬೇಡಿ, ಅವರಿಗೆ ಸದ್ಯಕ್ಕೆ ಸ್ವಲ್ಪ ವಿಶ್ರಾಂತಿ ಬೇಕು, ಹಾಗಾಗಿ ನಿಮ್ಮನ್ನ ಈಗ—"

"ಇದೇನು, ಅಳತೆ ತಪ್ಪಿ ಹೊಲಿದಾಗ ಗಿರಾಕಿಗೆ ನಾನು ಹೇಳೋ ಹಾಗಿದೆ. 'ದಯವಿಟ್ಟು' ಕತ್ತರಿಸು."

"ಅವರಿಗೆ ಸದ್ಯಕ್ಕೆ—"

"ಅದನ್ನ ಮೊದಲು ಕತ್ತರಿಸು. ಅಷ್ಟು ಸಂದಿ ಸಾಕು ಅವರಿಗೆ, ಇಡೀ ಕೈ ತೂರಿಸ್ತಾರೆ."

"ವಿಶ್ರಾಂತಿ?"

"ವಿಶ್ರಾಂತಿ ಅಂದ್ರೆ 'ಮನೇಲೇ ಮಾಡ್ಲಿ' ಅಂತಾರೆ."

ಗೋಡೆಯ ಕಡೆಯಿಂದ ಟೀಚರಜ್ಜಿಯ ದನಿ ಬಂತು. "ಚಿಕ್ಕ ಚಿಕ್ಕ ವಾಕ್ಯ ಮಾಡು ಮಗು. ದೊಡ್ಡ ವಾಕ್ಯದಲ್ಲಿ ಮಕ್ಕಳು ಸುಳ್ಳು ಬಚ್ಚಿಡ್ತವೆ."

ಟೈಲರಮ್ಮನ ತುಟಿ ಒಂದು ಕಡೆಗೆ ಎಳೆಯಿತು. ಅದು ನಗುವಾಗಲು ಸಾಲಲಿಲ್ಲ. ಇಬ್ಬರೂ ಮತ್ತೆ ಮತ್ತೆ ಹೇಳಿಸಿದರು. ಪ್ರತಿ ಸಲವೂ ನರ್ಸಿನ ಬಾಯಿಂದ ಏನಾದರೊಂದು ಮೆತ್ತನೆಯದು ಜಿನುಗುತ್ತಿತ್ತು, ಒಂದು 'ಪಾಪ', ಒಂದು 'ನೋಡೋಣ'. ಅದನ್ನೂ ಕತ್ತರಿಸಿದರು. ಕೊನೆಗೆ ಉಳಿದದ್ದು ಎಷ್ಟು ಚಿಕ್ಕದಿತ್ತೆಂದರೆ ಅದರೊಳಗೆ ಯಾರೂ ಅಡಗಿಕೊಳ್ಳಲು ಸಾಧ್ಯವಿರಲಿಲ್ಲ, ಹೇಳುವವಳೂ.

*

ಕಿಂಡಿ ಸರಿಸಿದ ಸದ್ದಿಗೆ ಅವನು ಎದ್ದು ಬಂದ. ದೊಡ್ಡ ಸಿಸ್ಟರ್ ನರ್ಸಿನ ಹಿಂದೆ ನಿಂತಿದ್ದಳು.

"ಅವರು ಇಲ್ಲಿದ್ದಾರೆ," ಎಂದಳು ನರ್ಸ್. "ತಾವಾಗಿ ಬಂದಿದ್ದಾರೆ. ನಿಮ್ಮನ್ನ ನೋಡಲ್ಲ. ನಿಮ್ಮ ಜೊತೆ ಬರಲ್ಲ. ಇದನ್ನ ಹೇಳೋಕೆ ಅವರೇ ಹೇಳಿದ್ದಾರೆ."

"ಸದ್ಯಕ್ಕೆ," ಎಂದ ಅವನು, ಅವಳ ವಾಕ್ಯವನ್ನು ತಾನೇ ಪೂರ್ತಿ ಮಾಡುವವನ ಹಾಗೆ, ಕರುಣೆಯಿಂದ.

"ಸದ್ಯಕ್ಕೆ ಅಂತ ಅವರು ಹೇಳಿಲ್ಲ."

ತಂತಿಯ ಬಲೆ ಅವನ ಮುಖವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿತ್ತು. ಯಾವ ಚೌಕದಲ್ಲೂ ಕೋಪವಿರಲಿಲ್ಲ. ಅವನು ಅವಳ ಎದೆಯ ಮೇಲಿನ ಹೆಸರಿನ ಬಿಲ್ಲೆಯನ್ನು ಓದಿದ, ನಿಧಾನವಾಗಿ, ಒಂದೊಂದೇ ಅಕ್ಷರ.

"ನಿಮ್ಮ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತೆ ಸಿಸ್ಟರ್?" ಎಂದು ಕೇಳಿದ.

ದೊಡ್ಡ ಸಿಸ್ಟರ್ ಕೈ ಚಾಚಿ ಕಿಂಡಿ ಮುಚ್ಚಿದಳು. ಗಾಜಿನಾಚೆ ಅವನು ಸೇಬಿನ ಚೀಲ ಎತ್ತಿಕೊಂಡು, ತಲೆ ಬಾಗಿಸಿ, ಮೆಟ್ಟಿಲಿನ ಕಡೆ ಹೋದ. ಹೆಜ್ಜೆಯ ಸದ್ದು ಬರಲಿಲ್ಲ.

"ವಾಚ್‌ಮನ್ ಬಸ್ಸಿನವರೆಗೆ ಬರ್ತಾನೆ ನಿನ್ನ ಜೊತೆ," ಎಂದಳು ದೊಡ್ಡ ಸಿಸ್ಟರ್. "ನಾಳೆಯಿಂದ ಪಾಳಿ ಬದಲಾಯಿಸ್ತೀನಿ. ಪೊಲೀಸರಿಗೂ ಒಂದು ಮಾತು ಹಾಕ್ತೀನಿ."

ನರ್ಸ್ ಮಂಚದ ಬಳಿ ಬರುವಷ್ಟರಲ್ಲಿ ಡಾಕ್ಟರು ಬಂದು ಟೈಲರಮ್ಮನ ಜೊತೆ ಮಾತಾಡಿ ಹೋಗಿದ್ದರು. ಅವಳು ಇವತ್ತು ಇಲ್ಲೇ ಇರುತ್ತೇನೆಂದು ಅವರಿಗೆ ಹೇಳಿದ್ದಳಂತೆ. ಚೀಲ ಮಾತ್ರ ತೊಡೆಯ ಮೇಲೇ ಇತ್ತು.

"ಬಾಗಿಲಲ್ಲಿ ಅವರು ಏನಂದ್ರು?" ಎಂದಳು ಟೈಲರಮ್ಮ.

ನರ್ಸ್ ಕುರ್ಚಿಯಲ್ಲಿ ಓರೆಯಾಗಿ ಕೂತಳು. ಎಲ್ಲವನ್ನೂ ಹೇಳಿದಳು. ಕೊನೆಯದನ್ನು ಬಿಡೋಣ ಅನ್ನಿಸಿತು. ಅದು ತನ್ನದು, ಇವಳಿಗ್ಯಾಕೆ ಅದರ ಭಾರ. ಆಮೇಲೆ ಅದನ್ನೂ ಹೇಳಿದಳು.

ಟೈಲರಮ್ಮ ಈಗ ಮೊದಲ ಬಾರಿಗೆ ಹೆದರಿದವಳ ಹಾಗೆ ಕಂಡಳು. ಅವಳು ಚೀಲವನ್ನು ಕೆಳಗಿಟ್ಟು, ನರ್ಸಿನ ಮಣಿಕಟ್ಟು ಹಿಡಿದುಕೊಂಡಳು. ಅವಳ ಬೆರಳುಗಳು ಗಟ್ಟಿಯಾಗಿದ್ದವು, ತುದಿಗಳಲ್ಲಿ ಸೂಜಿಯ ಹಳೆಯ ಗುರುತುಗಳು.

"ಇಲ್ಲಿ ಕೇಳು," ಎಂದಳು ತಗ್ಗಿದ ದನಿಯಲ್ಲಿ. "ಅವರು ಎದುರಿಗೆ ಬರಲ್ಲ. ಯಾವಾಗಲೂ ಎಡಗಡೆಯಿಂದ, ಸ್ವಲ್ಪ ಹಿಂದಿನಿಂದ ಬರ್ತಾರೆ. ಏಲಕ್ಕಿ ವಾಸನೆ ಬಂದ್ರೆ ಹತ್ರ ಇದ್ದಾರೆ ಅಂತ. ಮೊದಲು ಕ್ಷಮೆ ಕೇಳ್ತಾರೆ. ಕ್ಷಮೆ ಕೇಳಿದಾಗ ನಿಲ್ಲಬೇಡ. ನಿಂತೆಯೋ ಮಾತಾಡ್ತೀಯ. ಗೊತ್ತಾಯ್ತಾ?"

"ಗೊತ್ತಾಯ್ತು."

"ಏನು ಗೊತ್ತಾಯ್ತು, ಹೇಳಿ ತೋರಿಸು."

ನರ್ಸ್ ಹೇಳತೊಡಗಿದಳು, ಎಡಗಡೆಯಿಂದ, ಸ್ವಲ್ಪ ಹಿಂದಿನಿಂದ. ಟೈಲರಮ್ಮ ಅವಳ ತುಟಿಯನ್ನೇ ನೋಡುತ್ತಾ, ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು.